ಮೂವತ್ತೊಂದು ಕವರು, ಒಂದು ಬೋಗುಣಿ ನೀರು

ಫೆಬ್ರವರಿ 9, ಭಾನುವಾರ. ಬೆಳಗ್ಗೆ 8.20

ನಲವತ್ತೆರಡು ಸ್ಟಾಂಪು ನೀರಿಗೆ ಬಿಟ್ಟು ಕೂತಿದ್ದೇನೆ. ಅಗಲ ಬೋಗುಣಿ, ಉಗುರುಬೆಚ್ಚನೆಯ ನೀರು, ಸ್ಟಾಂಪಿನ ಮುಖ ಮೇಲೆ. ಇನ್ನು ಹದಿನೈದು ನಿಮಿಷ ಕೈ ಹಾಕುವ ಹಾಗಿಲ್ಲ. ಆತುರಪಟ್ಟು ಕಿತ್ತರೆ ಬೆನ್ನಿನ ಒಂದು ಪದರ ಕವರಿನ ಕಾಗದಕ್ಕೇ ಉಳಿದುಬಿಡುತ್ತದೆ. ತಾನಾಗಿ ಜಾರಬೇಕು. ಡೈರಿ ಬರೆಯಲು ಇಷ್ಟು ಒಳ್ಳೆಯ ಹದಿನೈದು ನಿಮಿಷ ವಾರದಲ್ಲಿ ಇನ್ನೊಂದಿಲ್ಲ.

ಆರು ದಿನ ಅಂಗಡಿಯಲ್ಲಿ ಊರವರ ಕನ್ನಡಕಕ್ಕೆ ಗಾಜು ಕೂರಿಸುತ್ತೇನೆ. ಏಳನೆಯ ದಿನ ಅದೇ ಭೂತಗನ್ನಡಿ ಹಿಡಿದು ಮನೆಯಲ್ಲಿ ಕೂರುತ್ತೇನೆ. ಹುಚ್ಚಿಗೆ ರಜೆ ಇಲ್ಲ ಎಂದು ಅಕ್ಕ ಹೇಳುತ್ತಾಳೆ.

ಇವಳು ಬಾಗಿಲಲ್ಲಿ ನಿಂತು, ಕಿಟಕಿ ತೆಗೆಯಲಾ ಎಂದಳು. ತೆಗೆಯಿರಿ ಎಂದೆ. ಐದು ನಿಮಿಷ ಬಿಟ್ಟು, ನೀಲಿ ಬಕೆಟ್ ತಗೊಳ್ಳಲಾ. ತಗೊಳ್ಳಿ. ಮದುವೆಯಾಗಿ ಹತ್ತು ವಾರ. ರಿಜಿಸ್ಟರಿನಲ್ಲಿ ಸಹಿ ಹಾಕಿ ಬಂದ ದಿನದಿಂದ ಈ ಮನೆಯ ಒಂದು ಚಮಚವನ್ನೂ ಕೇಳದೆ ಮುಟ್ಟಿಲ್ಲ. ಸಕ್ಕರೆ ಡಬ್ಬಿ ಕೇಳುತ್ತಾಳೆ. ಬಾಚಣಿಗೆ ಇಡಲು ಜಾಗ ಕೇಳುತ್ತಾಳೆ. ನನಗೆ ಐವತ್ತನಾಲ್ಕು, ಇವಳಿಗೆ ನಲವತ್ತೆಂಟು, ಇಬ್ಬರಿಗೂ ಮೊದಲ ಮದುವೆ. ಹತ್ತೊಂಬತ್ತು ವರ್ಷ ಕೆಲಸದ ಹೆಂಗಸರ ಹಾಸ್ಟೆಲಿನಲ್ಲಿ ಇದ್ದವಳು. ಅಲ್ಲಿ ಬಕೆಟ್ಟಿಗೆ ಹೆಸರು, ಹಾಲಿನ ಬಾಟಲಿಗೆ ಹೆಸರು, ಬಟ್ಟೆ ಹರವುವ ತಂತಿಗೂ ಗಡಿ. ಬೇರೆಯವರದಕ್ಕೆ ಕೈ ತಾಗಿದರೆ ಯಾರೂ ಬೈಯುತ್ತಿರಲಿಲ್ಲವಂತೆ. ಮರುದಿನ ಆ ಕಪಾಟಿಗೆ ಬೀಗ ಬೀಳುತ್ತಿತ್ತಂತೆ.

ಇದು ನಿಮ್ಮದೇ ಮನೆ ಎಂದು ಎಷ್ಟು ಸಲ ಹೇಳುವುದು? ಹೇಳಿದಾಗಲೆಲ್ಲ ತಲೆಯಾಡಿಸುತ್ತಾಳೆ. ಮತ್ತೆ ಕೇಳುತ್ತಾಳೆ. ಹೆಂಡತಿಯನ್ನು ತಂದುಕೊಂಡೆನೋ ಒಳ್ಳೆಯ ನಡತೆಯ ಬಾಡಿಗೆದಾರಳನ್ನೋ ಎಂದು ಒಮ್ಮೊಮ್ಮೆ ಅನುಮಾನ. ಇದೊಂದೇ ಕೊರತೆ. ಮಿಕ್ಕಂತೆ... ಬರೆಯಲು ನಾಚಿಕೆ. ಸುಖವಾಗಿದ್ದೇನೆ.

ಮೊದಲನೆಯದು ಜಾರಿತು. ಸಾಕು.


ಫೆಬ್ರವರಿ 12, ಬುಧವಾರ

ಅಕ್ಕ ಬಂದಿದ್ದಳು. ಈ ಮದುವೆ ಮಾಡಿಸಿದವಳು ತಾನು ಎಂಬ ಗತ್ತು ಇನ್ನೂ ಇಳಿದಿಲ್ಲ. ಬಂದವಳೇ ಮೇಜಿನ ಮೇಲೆ ಒಣಗುತ್ತಿದ್ದ ಸ್ಟಾಂಪೊಂದನ್ನು ಬರಿಗೈಯಲ್ಲಿ ಎತ್ತಿದಳು. ಚಿಮಟ ಪಕ್ಕದಲ್ಲೇ ಇದೆ, ಕಣ್ಣಿಗೆ ಕಾಣುವುದಿಲ್ಲವೇ? ಅಂಚಿನ ಒಂದು ಹಲ್ಲು ಹೋಯಿತು. ನಿನ್ನ ಕೈಗೆ ಬೇಡಿ ಹಾಕಿಸಬೇಕು ಎಂದು ಕೂಗಾಡಿದೆ. ಎರಡು ಬೆರಳಗಲದ ಕಾಗದಕ್ಕೆ ಒಡಹುಟ್ಟಿದವಳ ಮೇಲೆ ಎಗರಾಡುತ್ತೀಯಲ್ಲ ಎಂದು ಅವಳೂ ಬಿಡಲಿಲ್ಲ. ಚಿಕ್ಕಂದಿನಲ್ಲಿ ನಾನು ಮುರಿದ ಅವಳ ಛತ್ರಿಯವರೆಗೂ ಹೋಯಿತು. ಹತ್ತು ನಿಮಿಷಕ್ಕೆ ಇಬ್ಬರೂ ಚಹಾ ಕುಡಿಯುತ್ತ ಅವಳ ಬೀಗಿತ್ತಿಯ ಸುದ್ದಿ ಆಡಿಕೊಳ್ಳುತ್ತಿದ್ದೆವು.

ಇವಳು ಬಾಲ್ಕನಿಗೆ ಹೋಗಿಬಿಟ್ಟಿದ್ದಳು. ಒಣಗಿದ ಬಟ್ಟೆ ತರಲಂತೆ. ತಂತಿಯ ಮೇಲೆ ಒಂದು ಕರವಸ್ತ್ರವೂ ಇರಲಿಲ್ಲ.

ಅಕ್ಕ ಹೋದ ಮೇಲೆ, ಜಗಳ ಸರಿಹೋಯಿತಾ ಎಂದು ಮೆಲ್ಲಗೆ ಕೇಳಿದಳು. ಯಾವ ಜಗಳ ಎಂದೆ. ಕೂಗಾಡಿದಿರಲ್ಲ ಎಂದಳು. ಅದು ಜಗಳವಲ್ಲ, ಅದು ಅಕ್ಕ ಎಂದೆ. ಬಹಳ ಹೊತ್ತು ಯೋಚಿಸುತ್ತ ಲೋಟ ತೊಳೆದಳು.

ಪಾಪ, ಹೆದರಿರಬೇಕು. ಇವಳೆದುರು ಇನ್ನು ದನಿ ಏರಿಸಬಾರದು. ಇವಳ ಮೇಲಂತೂ ಯಾವತ್ತೂ ಇಲ್ಲ. ನಿಶ್ಚಯಿಸಿದ್ದೇನೆ.


ಫೆಬ್ರವರಿ 16, ಭಾನುವಾರ. ಸಂಜೆ

ಇವತ್ತು ಪಾಠ ಹೇಳಿಸಿಕೊಂಡೆ. ಈ ವಯಸ್ಸಿನಲ್ಲಿ, ನನ್ನದೇ ಮೇಜಿನಲ್ಲಿ.

ನೆನೆಹಾಕಲು ಕವರಿನ ತುಂಡುಗಳನ್ನು ಬೋಗುಣಿಗೆ ಸುರಿಯುವವನಿದ್ದೆ. ಇವಳು ಹಿಂದಿನಿಂದ, "ಆ ಕೆಂಪು ಕವರ್ ಬೇರೆ ನೆನೆಸ್ಬೇಕಲ್ವಾ? ಬಣ್ಣ ಬಿಡುತ್ತೆ" ಎಂದಳು. ನಾಲಿಗೆ ಕಚ್ಚಿಕೊಂಡೆ. ಹೋದ ವರ್ಷ ಇದೇ ಅವಸರದಲ್ಲಿ ಏಳು ಸ್ಟಾಂಪುಗಳನ್ನು ಗುಲಾಬಿ ಮಾಡಿಟ್ಟಿದ್ದೇನೆ. ಇವಳು ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾಳೆ, ಈಗ ಇಸ್ತ್ರಿ ವಿಭಾಗದ ಮುಖ್ಯಸ್ಥೆ. ನೀರು, ಬಣ್ಣ, ಸುಕ್ಕು, ತೇವ... ಇವಳಿಗೆ ಗೊತ್ತಿಲ್ಲದ್ದು ಏನಿದೆ? ಹನ್ನೊಂದು ವಾರ ಇವಳನ್ನು ಬಾಗಿಲಲ್ಲಿ ನಿಲ್ಲಿಸಿ ಪಕ್ಕದಲ್ಲೇ ತಪ್ಪು ಮಾಡುತ್ತ ಕೂತಿದ್ದೆನಲ್ಲ.

ಒಣಗಿಸುವುದೂ ಹಾಗೆ. ನಾನು ಹಳೆಯ ಪತ್ರಿಕೆಯ ಮೇಲೆ ಹರವುತ್ತಿದ್ದೆ. ಒಣಗುವಷ್ಟರಲ್ಲಿ ಸುರುಳಿ ಸುತ್ತಿ ಮಲಗುತ್ತಿದ್ದವು, ಆಮೇಲೆ ದಪ್ಪ ನಿಘಂಟಿನ ಕೆಳಗೆ ವಾರಗಟ್ಟಲೆ ಶಿಕ್ಷೆ. ಇವಳು ಅಪ್ಪಣೆ ಕೇಳಿ (ಬೇರೆ ದಾರಿ ಏನಿದೆ) ಹಳೆಯ ಬೆಡ್‌ಶೀಟಿನ ಎರಡು ತುಂಡು ತಂದಳು. ನೂರು ಸಲ ಒಗೆದು ಮೆತ್ತಗಾದ ಬಟ್ಟೆ, ಗಂಜಿ ಸೋಕಿಲ್ಲ. ಸ್ಟಾಂಪಿನ ಮುಖ ಕೆಳಗೆ ಮಾಡಿ ಸಾಲಾಗಿ ಜೋಡಿಸಿದಳು. ಮೇಲೆ ಇನ್ನೊಂದು ತುಂಡು, ಅದರ ಮೇಲೆ ಹಲಗೆ. ಅರ್ಧ ಗಂಟೆಗೆ ಬಟ್ಟೆ ಬದಲು. ಇಸ್ತ್ರಿ ಪೆಟ್ಟಿಗೆಯನ್ನು ಒಂದು ಕ್ಷಣ ಸೋಕಿಸಬಹುದೇ ಎಂದು ನಾನು ಕೇಳಿದ್ದಕ್ಕೆ, ಇವಳು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಮುಂದಿದೆ. ಲಾಂಡ್ರಿಯ ಹೊಸಬರು ದಿನಾ ಆ ನೋಟ ತಿನ್ನುತ್ತಿರಬೇಕು.

ಸಂಜೆ ಬಟ್ಟೆ ಸರಿಸಿದರೆ ಮೂವತ್ತಾರೂ ಚಪ್ಪಟೆ. ಮೂವತ್ತು ವರ್ಷ ಇದೊಂದು ಬೆಡ್‌ಶೀಟು ಹೊಳೆಯಲಿಲ್ಲವಲ್ಲ ನನಗೆ. ಬಾಯಿ ತುಂಬ ಹೊಗಳಿದೆ. ಇವಳ ಕಿವಿ ಕೆಂಪಾಯಿತು.


ಫೆಬ್ರವರಿ 23, ಭಾನುವಾರ

ಈಗ ಭಾನುವಾರ ಇಬ್ಬರದ್ದು. ನಾನು ಕತ್ತರಿ, ಇವಳು ನೀರು. ಗೋಂದು ಪೂರ್ತಿ ಹೋಯಿತೇ ಎಂದು ಬೆರಳ ತುದಿಯಲ್ಲಿ ಮುಟ್ಟಿಯೇ ಹೇಳುತ್ತಾಳೆ, ನನಗೆ ಭೂತಗನ್ನಡಿ ಬೇಕು.

ಸ್ಟಿಕ್ಕರಿನಂಥ ಹೊಸ ಸ್ಟಾಂಪುಗಳು ನೀರಿಗೆ ಜಪ್ಪಯ್ಯ ಎಂದರೂ ಬಿಡುವುದಿಲ್ಲ. ಲಾಂಡ್ರಿಯಲ್ಲಿ ಕಲೆ ತೆಗೆಯುವ ಯಾವುದೋ ದ್ರವ ತಂದು ಎರಡು ಹನಿ ಹಾಕಿದಳು, ಎರಡೇ ನಿಮಿಷ, ಕೈಗೆ ಬಂತು. ಹಾಕಿ ನೋಡಲಾ ಎಂದು ಮೂರು ಸಲ ಕೇಳಿದ ಮೇಲೆ.

ಖುಷಿಯಲ್ಲಿ ನಾನೊಂದು ಭಾಷಣ ಬಿಗಿದೆ. ಕವರಿನ ಮೇಲೆ ಉಳಿದ ಸ್ಟಾಂಪು ಎಂದರೆ ಸ್ನಾನವಾಗದ ಮಗು, ಕಂಡಲ್ಲಿ ಹಿಡಿದು ನೀರಿಗೆ ಹಾಕಬೇಕು ಎಂದೆ. ಇವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಇಷ್ಟು ನಕ್ಕಿದ್ದು ಇದೇ ಮೊದಲು. ಇನ್ನೂ ನಾಲ್ಕು ಮಾತು ಸೇರಿಸಿದೆ. ಒಬ್ಬರು ನಗುವವರಿದ್ದರೆ ನಾನು ನಿಲ್ಲುವ ಪೈಕಿಯಲ್ಲ.


ಮಾರ್ಚ್ 1, ಶನಿವಾರ. ಸಂಜೆ 6

ನಿಧಾನವಾಗಿ ಬರೆಯಬೇಕು.

ಸ್ಟಾಂಪು ಸಂಘದ ಕಾರ್ಯದರ್ಶಿ ಅಂಗಡಿಗೆ ಬಂದಿದ್ದರು. ನಿವೃತ್ತ ರೈಲ್ವೆ ಗಾರ್ಡು, ಎಂಬತ್ತರ ಹತ್ತಿರ, ಈಗಲೂ ಮಾತು ಮುಗಿಸಿ ಕೈ ಎತ್ತಿ ಹಸಿರು ನಿಶಾನೆ ತೋರಿಸಿದಂತೆ ಮಾಡುತ್ತಾರೆ. ಏಪ್ರಿಲ್ ಹನ್ನೆರಡಕ್ಕೆ ಸಂಘದ ಪ್ರದರ್ಶನ. ನನಗೆ ಇಡೀ ಒಂದು ಚೌಕಟ್ಟು ಕೊಡುತ್ತಾರಂತೆ. ಹದಿನಾರು ಹಾಳೆ. ಇಪ್ಪತ್ತೆಂಟು ವರ್ಷದ ಸದಸ್ಯ ನಾನು, ಈವರೆಗೆ ಬೇರೆಯವರ ಚೌಕಟ್ಟಿನ ಗಾಜು ಒರೆಸಿದ್ದೇನೆ. "ನಿನ್ನ ಬಿರುಕು ತೋರ್ಸಪ್ಪ. ಅದು ಬೇರೆ ಯಾರ ಹತ್ರಾನೂ ಇಲ್ಲ" ಎಂದರು. ಮಾರ್ಚ್ ಮೂವತ್ತರೊಳಗೆ ಹಾಳೆಗಳು ಅವರ ಕೈ ಸೇರಬೇಕು.

ಬಿರುಕು ಎಂದರೆ, ನಮ್ಮ ಬೀದಿಯ ತುದಿಯಲ್ಲಿದ್ದ ಸಣ್ಣ ಅಂಚೆ ಕಚೇರಿಯ ಸೀಲಿನದು. ದುಂಡು ಸೀಲು. ಗಡಿಯಾರದಲ್ಲಾದರೆ ಏಳು ಗಂಟೆ ಇರುವ ಜಾಗದಲ್ಲಿ, ಅಂಚಿನ ಗೆರೆ ಕೂದಲೆಳೆಯಷ್ಟು ಒಡೆದಿತ್ತು. ಕನ್ನಡಕದವನ ಕಣ್ಣು, ಬಿತ್ತು. ಮುಂದೇನಾಗುತ್ತದೆ ನೋಡೋಣ ಎಂದು ನಾಲ್ಕು ತಿಂಗಳಿಗೊಂದು ಕವರು ನನ್ನ ವಿಳಾಸಕ್ಕೇ ಬರೆದು ಹಾಕತೊಡಗಿದೆ. ಒಳಗೆ ಏನೂ ಇಲ್ಲ, ಖಾಲಿ. ಕೌಂಟರಿನಾಕೆಗೆ ಹೇಳಿ ಸೀಲು ನೆಟ್ಟಗೆ ಹೊಡೆಸುತ್ತಿದ್ದೆ. ಹನ್ನೊಂದು ವರ್ಷ, ಮೂವತ್ತಮೂರು ಕವರು. ಎರಡು ದಾರಿಯಲ್ಲೇ ಕಳೆದವು. ಉಳಿದ ಮೂವತ್ತೊಂದನ್ನು ಸಾಲಾಗಿ ಇಟ್ಟರೆ ಬಿರುಕು ಬೆಳೆಯುವುದು ಕಾಣುತ್ತದೆ. ಕೊನೆಯದರಲ್ಲಿ ಅಕ್ಕಿಕಾಳು ತೂರುವಷ್ಟು ಅಗಲ. ಆಮೇಲೆ ಕಚೇರಿಯನ್ನೇ ಮುಚ್ಚಿದರು.

ಆ ಸ್ಟಾಂಪುಗಳಿಗೆ ಬೆಲೆಯಿಲ್ಲ, ಎಲ್ಲರ ಮನೆಯ ಕಸದಲ್ಲೂ ಸಿಗುತ್ತವೆ. ಇರುವುದೆಲ್ಲ ಸೀಲಿನಲ್ಲಿ. ಸೀಲು ಅರ್ಧ ಸ್ಟಾಂಪಿನ ಮೇಲೆ, ಅರ್ಧ ಕವರಿನ ಮೇಲೆ ಬೀಳುತ್ತದೆ. ಬಿರುಕು ಇರುವುದು ಕವರಿನ ಅರ್ಧದಲ್ಲಿ. ಅದಕ್ಕೇ ಅವನ್ನು ಇಡಿಯಾಗಿ ಇಟ್ಟಿದ್ದೇನೆ.

ಇವಳಿಗೆ ಹೇಳಿಲ್ಲ. ಒಂಟಿ ಗಂಡಸು ಹನ್ನೊಂದು ವರ್ಷ ತನಗೆ ತಾನೇ ಖಾಲಿ ಕವರು ಹಾಕಿಕೊಳ್ಳುತ್ತಿದ್ದ ಎಂದರೆ ಏನೆಂದುಕೊಂಡಾಳು? ಮನೆಗೆ ಒಂದಾದರೂ ಟಪಾಲು ಬರಲಿ ಎಂದು ಹಾಕಿಕೊಂಡ ಎಂದುಕೊಂಡರೆ? (ಸ್ವಲ್ಪ ಹಾಗೂ ಇತ್ತು.) ಪ್ರದರ್ಶನದ ದಿನ ನೇರವಾಗಿ ಚೌಕಟ್ಟಿನ ಮುಂದೆ ನಿಲ್ಲಿಸುತ್ತೇನೆ. ಅಲ್ಲಿಯವರೆಗೆ ಉಸಿರೆತ್ತುವುದಿಲ್ಲ.

ಅಟ್ಟದಿಂದ ಕವರುಗಳ ಡಬ್ಬ ಇಳಿಸಿ ಮೇಜಿನ ಮೇಲೆ ಇಟ್ಟಿದ್ದೇನೆ.


ಮಾರ್ಚ್ 8, ಶನಿವಾರ

ಅಂಗಡಿಯಿಂದ ಬಂದಾಗ ಕುರ್ಚಿ ಎರಡಡಿ ಕಿಟಕಿಯ ಕಡೆ ಸರಿದಿತ್ತು. ನೋಡಿ ಎಷ್ಟು ಸಂತೋಷವಾಯಿತು ಎಂದರೆ... ಬಾಯಿ ಬಿಡುವಷ್ಟರಲ್ಲಿ ಇವಳೇ ಓಡಿಬಂದು, ಕೇಳಬೇಕಿತ್ತು ಎಂದು ಹಳೆಯ ಜಾಗಕ್ಕೆ ಎಳೆದಿಟ್ಟಳು. ಅಲ್ಲೇ ಇರಲಿ ಎಂದರೂ ಕೇಳಲಿಲ್ಲ. ನೆಲದ ಗುರುತು ನೋಡಿ ನಾಲ್ಕೂ ಕಾಲು ಸರಿಯಾಗಿ ಕೂರಿಸಿದಳು. ನನಗೆ ಊಟ ಸೇರಲಿಲ್ಲ.


ಮಾರ್ಚ್ 13, ಗುರುವಾರ. ಸಂಜೆ 7

ಹೋಯಿತು. ಮೂವತ್ತೊಂದೂ.

ಲಾಂಡ್ರಿಯಲ್ಲಿ ಬಾಯ್ಲರು ಕೆಟ್ಟು ಇವಳಿಗೆ ರಜೆ. ನಾನು ಬಂದಾಗ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಮುಚ್ಚಿ ಎಂದಳು. ಮಣಿಕಟ್ಟು ಹಿಡಿದು ಒಳಗೆ ಕರೆದುಕೊಂಡು ಹೋದಳು. ತಾನಾಗಿ ಕೈ ಹಿಡಿದದ್ದು ಇದೇ ಮೊದಲು. ಆ ಹತ್ತು ಹೆಜ್ಜೆ ಎಷ್ಟು ಚೆನ್ನಾಗಿತ್ತು.

ಕಣ್ಣು ಬಿಟ್ಟರೆ ಮೇಜಿನ ಮೇಲೆ ಬಿಳಿ ಬಟ್ಟೆ. ಬಟ್ಟೆಯ ಮೇಲೆ ಸಾಲಾಗಿ ಸ್ಟಾಂಪು. ಒಂದು ಸುಕ್ಕಿಲ್ಲ, ಒಂದು ಹಲ್ಲು ಬಾಗಿಲ್ಲ, ಗೋಂದಿನ ಸುಳಿವಿಲ್ಲ. ಇಷ್ಟು ಅಂದವಾಗಿ ಒಣಗಿದ ಸ್ಟಾಂಪನ್ನು ಸಂಘದಲ್ಲೂ ನೋಡಿಲ್ಲ. ಒಂದೊಂದರ ಮೂಲೆಯಲ್ಲೂ ಅರ್ಧ ಸೀಲು. ಒಂದು ಕ್ಷಣ ಏನೆಂದು ತಿಳಿಯಲಿಲ್ಲ. ಆಮೇಲೆ ಪಕ್ಕದಲ್ಲಿ ಖಾಲಿ ಡಬ್ಬ ಕಂಡಿತು.

"ಕೇಳ್ದೇನೇ ಮಾಡ್ಬಿಟ್ಟೆ" ಎಂದಳು.

ಅದನ್ನು ಹೇಳುವಾಗಿನ ಮುಖ ಹೇಗೆ ಬರೆಯಲಿ? ಹೆದರಿಕೆ ಒಂದಿಷ್ಟು, ಉಳಿದದ್ದೆಲ್ಲ ಹೆಮ್ಮೆ. ನಲವತ್ತೆಂಟು ವರ್ಷಕ್ಕೆ ಮೊದಲ ಸಲ ಯಾರದೋ ಕಪಾಟು ತೆರೆದು, ಇದು ನಂದೂ ಹೌದು ಎಂದವಳ ಮುಖ.

ಕವರುಗಳು ಎಲ್ಲಿ ಎಂದೆ. ದನಿ ಹೇಗೆ ಹೊರಟಿತೋ. ಕತ್ತರಿಸಿ ಉಳಿದದ್ದನ್ನು ಕಸದ ಗಾಡಿಗೆ ಹಾಕಿದಳಂತೆ. ಗಾಡಿ ಸರಿಯಾಗಿ ಹನ್ನೊಂದಕ್ಕೆ ಬಂತಂತೆ. ಒಂದು ಸ್ಟಾಂಪು ಹಟಮಾರಿ, ನಲವತ್ತು ನಿಮಿಷ ಕಾಯಿಸಿತಂತೆ, ಆದರೂ ಎಳೆಯಲಿಲ್ಲವಂತೆ. ಹೇಳುತ್ತಲೇ ಇದ್ದಳು. ಇವಳು ಒಟ್ಟಿಗೆ ಇಷ್ಟು ಮಾತಾಡಿದ್ದು ನಾನು ಕೇಳಿಲ್ಲ.

"ಚೆನ್ನಾಗಿದೆ" ಎಂದೆ. "ತುಂಬಾ ಚೆನ್ನಾಗಿದೆ."

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಯಾರನ್ನು ಬೈಯುವುದು? ಸ್ನಾನವಾಗದ ಮಗು ಎಂದವನು ನಾನು. ಡಬ್ಬವನ್ನು ನೆನೆಹಾಕುವ ರಾಶಿಯ ಪಕ್ಕ ಇಟ್ಟವನು ನಾನು. ಮೇಲೆ ಒಂದು ಚೀಟಿ ಅಂಟಿಸಲು ಏನಾಗಿತ್ತು ರೋಗ?


ಮಾರ್ಚ್ 14, ಶುಕ್ರವಾರ. ಬೆಳಗ್ಗೆ

ಇವಳು ಏಳುವ ಮೊದಲು ಕೆಳಗೆ ಹೋಗಿ ಮೂರೂ ಕಸದ ಡ್ರಮ್ಮಿಗೆ ಕೈ ಹಾಕಿ ನೋಡಿದೆ. ಗಾಡಿ ಕೊಂಡೊಯ್ದದ್ದು ಗೊತ್ತಿದ್ದೂ. ಆಸೆ ಎನ್ನುವುದು ನಾಚಿಕೆಗೇಡಿ. ಕಾವಲುಗಾರ ಬಂದು ಏನು ಕಳೆಯಿತು ಎಂದ. ಕನ್ನಡಕದ ಸ್ಕ್ರೂ ಎಂದೆ. ಪಾಪ, ಹತ್ತು ನಿಮಿಷ ಬ್ಯಾಟರಿ ಹಿಡಿದು ಅವನೂ ಹುಡುಕಿದ. ಕೊನೆಗೆ ಒಂದು ಸ್ಕ್ರೂ ಸಿಕ್ಕಿಯೂಬಿಟ್ಟಿತು, ಯಾವುದರದ್ದೋ. ಥ್ಯಾಂಕ್ಸ್ ಹೇಳಿ ಜೇಬಿಗೆ ಹಾಕಿಕೊಂಡು ಬಂದೆ.


ಮಾರ್ಚ್ 19, ಬುಧವಾರ

ಹೇಳುವುದಿಲ್ಲ. ತೀರ್ಮಾನಿಸಿದ್ದೇನೆ.

ಏಕೆಂದರೆ ಮನೆ ಬದಲಾಗಿದೆ. ಶುಕ್ರವಾರ ಕುರ್ಚಿ ಕಿಟಕಿಗೆ ಹೋಯಿತು, ಅಲ್ಲೇ ಉಳಿಯಿತು. ಶನಿವಾರ ಹಳದಿ ಪರದೆ ಬಂತು. ನನ್ನ ಹರಿದ ಚಪ್ಪಲಿ ಮಾಯ. ಎಲ್ಲಿ ಎಂದರೆ, ಎಸೆದೆ ಎಂದಳು, ತಲೆ ಕೂಡ ಎತ್ತದೆ. ಸಕ್ಕರೆ ಡಬ್ಬಿ ಕೆಳಗಿನ ಶೆಲ್ಫಿಗೆ ಇಳಿದಿದೆ, ಹುಡುಕಿದರೂ ನನಗೆ ಸಿಗುವುದಿಲ್ಲ, ಇವಳಿಗೆ ಸಿಗುತ್ತದೆ. ಕೆಲಸ ಮಾಡುತ್ತ ಏನೋ ಗುನುಗುತ್ತಾಳೆ.

ಇದು ಮೂವತ್ತೊಂದು ಕವರಿಗೆ ಸಿಕ್ಕಿದ್ದಾದರೆ ಸಿಕ್ಕಲಿ. ಹಾಗೆಂದು ಮನಸ್ಸಿಗೆ ಹೇಳುತ್ತೇನೆ. ಆದರೂ ಅಂಗಡಿಯಲ್ಲಿ ಯಾರದೋ ಗಾಜು ಉಜ್ಜುವಾಗ ಕೊನೆಯ ಕವರು ನೆನಪಾಗುತ್ತದೆ. ನಿಜಕ್ಕೂ ಸಂಕಟ. ಎರಡೂ ನಿಜ, ಸುಖವೂ ಸಂಕಟವೂ. ಒಂದನ್ನು ಹೇಳಿದರೆ ಇನ್ನೊಂದು ಹೋಗುತ್ತದೆ, ಅಷ್ಟೇ.


ಮಾರ್ಚ್ 22, ಶನಿವಾರ

ಕಾರ್ಯದರ್ಶಿಯ ಮನೆಗೆ ಹೋಗಿ, ಈ ಸಲ ಆಗುವುದಿಲ್ಲ, ಸಿದ್ಧತೆ ಸಾಲದು ಎಂದೆ.

"ಹನ್ನೊಂದು ವರ್ಷ ಸಾಲ್ಲಿಲ್ವೇನಯ್ಯಾ?" ಎಂದರು.

ಮೈ ಹುಷಾರಿಲ್ಲವೇ ಎಂದರು, ಹೆಂಡತಿಗೆ ಇಷ್ಟವಿಲ್ಲವೇ ಎಂದರು. ಇಲ್ಲಪ್ಪ, ಅವಳು ಒಳ್ಳೆಯವಳು ಎಂದೆ. ಅದನ್ನು ಯಾರು ಕೇಳಿದ್ದರು? ಮೂವತ್ತರವರೆಗೆ ಕಾಯುತ್ತೇನೆ, ಆಮೇಲೆ ಚೌಕಟ್ಟು ಹಲ್ಲಿನ ಡಾಕ್ಟರಿಗೆ ಎಂದರು. ಅವರೂ ಸಂಘದವರೇ, ಅವರದ್ದು ಹಕ್ಕಿ ಸ್ಟಾಂಪುಗಳು. ಹೋದ ವರ್ಷವೂ ಹಕ್ಕಿ, ಅದರ ಹಿಂದಿನ ವರ್ಷವೂ ಹಕ್ಕಿ. ಬಾಲ ಮುದುರಿಕೊಂಡು ಮನೆಗೆ ಬಂದೆ.


ಮಾರ್ಚ್ 26, ಬುಧವಾರ. ರಾತ್ರಿ 8

ಇವಳಿಗೆ ಗೊತ್ತಾಯಿತು.

ನಾನು ಅಂಗಡಿಯಲ್ಲಿದ್ದಾಗ ಕಾರ್ಯದರ್ಶಿ ಮನೆಗೆ ಬಂದಿದ್ದಾರೆ. ನನ್ನನ್ನು ಒಪ್ಪಿಸಲು ಇವಳ ಸಹಾಯ ಕೇಳೋಣ ಎಂದು. ಆ ಕವರುಗಳನ್ನೊಮ್ಮೆ ತೋರಿಸಮ್ಮ ಎಂದಿದ್ದಾರೆ. ಇವಳು ಸಂಭ್ರಮದಿಂದ ಆಲ್ಬಮ್ ತಂದು ಬಿಡಿಸಿದ್ದಾಳೆ, ಮೂವತ್ತೊಂದನ್ನೂ ತೋರಿಸಿದ್ದಾಳೆ, ಹೇಗೆ ಒಣಗಿಸಿದೆ ಎಂದು ವಿವರಿಸಿದ್ದಾಳೆ. ಅವರು ಎರಡು ಲೋಟ ನೀರು ಕೇಳಿ ಕುಡಿದರಂತೆ. ಆಮೇಲೆ, ಸುಳ್ಳು ಹೇಳಲು ಬಾರದ ಮನುಷ್ಯ, ಎಲ್ಲ ಹೇಳಿದ್ದಾರೆ. ಅವರದೇನೂ ತಪ್ಪಿಲ್ಲ.

ನಾನು ಬಂದಾಗ ಮೇಜಿನ ಮೇಲೆ ಒಂದು ಹಾಳೆ. ಅದರಲ್ಲಿ ಪೆನ್ಸಿಲಿನ ವೃತ್ತ, ನಡುವೆ ಉದ್ದಕ್ಕೆ ಒಂದು ಗೆರೆ, ಏಳು ಗಂಟೆಯ ಜಾಗದಲ್ಲಿ ಸಣ್ಣ ಗುರುತು. ಅವರೇ ಬರೆದು ತಿಳಿಸಿದ್ದು. ಇವಳು ಗೋಡೆಗೆ ಒರಗಿ ನಿಂತಿದ್ದಳು.

ಪರವಾಗಿಲ್ಲ ಎಂದೆ. ನನಗೆ ಬೇಸರವೇ ಇಲ್ಲ ಎಂದೆ. ಅವು ಬರಿಯ ಹಳೆ ಕಾಗದ, ಮರೆತುಬಿಡಿ ಎಂದೆ. ನಕ್ಕೂ ತೋರಿಸಿದೆ. ನಾನು ಒಂದೊಂದು ಮಾತು ಆಡಿದ ಹಾಗೂ ಇವಳ ಮುಖ ಸಣ್ಣದಾಗುತ್ತ ಹೋಯಿತು. ಆಮೇಲೆ ಕೇಳಿದಳು.

"ಸ್ವಲ್ಪ ನೀರು ಕುಡೀಲಾ?"

ತನ್ನ ಮನೆಯಲ್ಲಿ. ನೀರು ಕುಡಿಯಲು.


ಮಾರ್ಚ್ 28, ಶುಕ್ರವಾರ

ಕುರ್ಚಿ ಹಳೆಯ ಜಾಗಕ್ಕೆ. ಹಳದಿ ಪರದೆ ಮಡಿಸಿ ಇವಳ ಸೂಟ್‌ಕೇಸಿಗೆ. ಎಸೆದ ಚಪ್ಪಲಿಯಂಥದೇ ಒಂದು ಜೊತೆ ಹುಡುಕಿ ತಂದು ಬಾಗಿಲಲ್ಲಿ ಇಟ್ಟಿದ್ದಾಳೆ. ಒಲೆ ಹಚ್ಚಲಾ, ದೀಪ ಆರಿಸಲಾ. ನಾನು ಮೆತ್ತಗೆ ಮಾತಾಡಿದಷ್ಟೂ ದೂರ ಹೋಗುತ್ತಾಳೆ. ಇನ್ನೆಷ್ಟು ಮೆತ್ತಗಾಗಲಿ? ಕವರು ಹೋದದ್ದಕ್ಕೂ ನನಗೆ ಅಳು ಬಂದಿರಲಿಲ್ಲ. ಆ ಚಪ್ಪಲಿ ನೋಡಿ ಬಂತು.


ಮಾರ್ಚ್ 30, ಭಾನುವಾರ. ಬೆಳಗ್ಗೆ 11.40

ಗಂಟಲು ಕಟ್ಟಿದೆ. ಕ್ರಮವಾಗಿ ಬರೆಯುತ್ತೇನೆ.

ಒಂಬತ್ತಕ್ಕೆ ಕಾರ್ಯದರ್ಶಿಯ ಮೆಸೇಜು. ಚೌಕಟ್ಟು ಹಕ್ಕಿಗಳಿಗೆ ಹೋಯಿತು. ಹೋಗಲಿ. ಬೋಗುಣಿ ತೆಗೆಯಲು ಮನಸ್ಸಾಗಲಿಲ್ಲ, ಮೇಜಿನ ಮುಂದೆ ಸುಮ್ಮನೆ ಕೂತಿದ್ದೆ. ಇವಳು ಬಂದು ಎದುರಿಗೆ ನಿಂತಳು. ಒಂದು ಮಾತು ಕೇಳಬಹುದಾ ಎಂದಳು. ಕೇಳಿ ಎಂದೆ.

"ಅಕ್ಕ ಒಂದು ಹಲ್ಲು ಮುರಿದಿದ್ದಕ್ಕೆ ಮನೆ ಎದ್ದುಹೋಗೋ ಹಾಗೆ ಕೂಗಾಡಿದ್ರಿ. ನಾನು ಹನ್ನೊಂದು ವರ್ಷಾನೇ ಕಸದ ಗಾಡಿಗೆ ಹಾಕ್ದೆ. ನನಗೆ ಚೆನ್ನಾಗಿದೆ ಅಂದ್ರಿ."

ನಿಮಗೆ ನೋವಾಗಬಾರದು ಎಂದು... ಎಂದೆ.

"ಹಾಸ್ಟೆಲಲ್ಲೂ ಯಾರೂ ಬೈತಿರ್ಲಿಲ್ಲ. ಏನಾದ್ರೂ ಆದ್ರೆ ನಗ್ತಾ ಪರವಾಗಿಲ್ಲ ಅನ್ನೋರು. ಆಮೇಲೆ ಬೀಗ ಹಾಕ್ಕೊಳ್ಳೋರು." ನನ್ನನ್ನೇ ನೋಡುತ್ತ, "ಅಕ್ಕ ಮನೆಯೋರು. ನಾನು ಯಾರು?" ಎಂದಳು.

ಇವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ, ಹದಿನೇಳು ದಿನ. ಇವಳ ಕಣ್ಣಿಗೆ ಅದು ಬೀಗವಾಗಿ ಕಂಡಿತ್ತು. ಒಂದು ಸಲ ಕೇಳಬಹುದಿತ್ತು ನೀವು ಎಂದೆ, ಮೆಲ್ಲಗೆ. ಇವಳು ಕದಲಲಿಲ್ಲ. ಕತ್ತರಿ ಹಾಕುವ ಮೊದಲು ಒಂದು ಮಾತು ಎಂದೆ, ಸ್ವಲ್ಪ ಜೋರಾಗಿ. ಆಮೇಲೆ ಏನಾಯಿತೋ, ಕುರ್ಚಿ ಹಿಂದಕ್ಕೆ ಬಿತ್ತು, ನಾನು ನಿಂತಿದ್ದೆ.

"ಹನ್ನೊಂದು ವರ್ಷ ಕಣೇ! ಚಮಚಕ್ಕೆ ಅಪ್ಪಣೆ ಕೇಳ್ತೀಯ, ಬಕೆಟ್ಟಿಗೆ ಕೇಳ್ತೀಯ, ಇದೊಂದಕ್ಕೆ ಕೇಳೋಕೆ ಆಗ್ಲಿಲ್ವಾ ನಿನಗೆ? ಮೂವತ್ತೊಂದರ ಮೇಲೂ ನನ್ನದೇ ವಿಳಾಸ, ನನ್ನದೇ ಅಕ್ಷರ. ಯಾವ ಪೆದ್ದ ತನಗೆ ತಾನೇ ಕಾಗದ ಬರ್ಕೋತಾನೆ ಅಂತ ಒಂದು ಸಲ ತಿರುಗಿಸಿ ನೋಡೋದಲ್ವಾ?"

ಇನ್ನೂ ಏನೇನೋ ಅಂದೆ. ಸೀಲು ನೆಟ್ಟಗೆ ಬೀಳಲೆಂದು ಕೌಂಟರಿನಾಕೆಗೆ ಹಲ್ಲು ಗಿಂಜಿದ್ದು, ಜ್ವರದಲ್ಲಿ ಎದ್ದು ಹೋಗಿ ಹಾಕಿ ಬಂದದ್ದು, ಇಪ್ಪತ್ತೆಂಟು ವರ್ಷ ಕಂಡವರ ಗಾಜು ಒರೆಸಿದ್ದು, ಹಕ್ಕಿಗಳು. ಹಕ್ಕಿಗಳ ಬಗ್ಗೆ ಬಹಳ ಹೊತ್ತು ಕೂಗಿದೆ. ಕೊನೆಗೆ, ಪ್ರದರ್ಶನಕ್ಕೆ ಕರೆದುಕೊಂಡು ಹೋಗಿ ನಿನಗೆ ತೋರಿಸಬೇಕು ಅಂತಿದ್ದೆ ಎನ್ನುವಷ್ಟರಲ್ಲಿ ದನಿ ಒಡೆಯಿತು. ಕೂತುಬಿಟ್ಟೆ. ಕುರ್ಚಿ ಇರಲಿಲ್ಲ, ನೆಲಕ್ಕೇ.

ಇವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬಾಲ್ಕನಿಗೆ ಹೋಗಲಿಲ್ಲ. ನಿಂತು ಪೂರ್ತಿ ಕೇಳಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ತಪ್ಪಾಯ್ತು ಎಂದಳು. ಆಮೇಲೆ ಬಿದ್ದ ಕುರ್ಚಿ ಎತ್ತಿ, ಕಿಟಕಿಯ ಹತ್ತಿರ ಇಟ್ಟು, ಅದರಲ್ಲಿ ತಾನೇ ಕೂತಳು.

"ಮುಗೀತಾ?"

ಮುಗೀತು ಎಂದೆ.

"ಹಾಗಾದ್ರೆ ಈಗ ನಂದು ಕೇಳಿ."

ಮೊದಲನೆಯದು, ಸ್ನಾನವಾಗದ ಮಗು ಎಂದದ್ದು ಯಾರು? ಎರಡನೆಯದು, ತಿನ್ನಲು ತಟ್ಟೆ ತೆಗೆದರೆ ತಟ್ಟೆಯಲ್ಲಿ ವಿಮಾನದ ಸ್ಟಾಂಪು, ಬಟ್ಟಲು ತೆಗೆದರೆ ಬಟ್ಟಲಲ್ಲಿ ಚಿಟ್ಟೆ, ಇದು ಮನೆಯಾ ಮ್ಯೂಸಿಯಮ್ಮಾ? ಹಾಸಿಗೆಯಲ್ಲಿ ಚಿಮಟ ಚುಚ್ಚಿ ಎರಡು ಸಲ ಎದ್ದಿದ್ದಾಳಂತೆ. ಊರವರ ಕನ್ನಡಕ ಫಳಫಳ ಮಾಡುವವನು ತನ್ನದನ್ನು ಅಂಗಿಯ ತುದಿಯಲ್ಲಿ ಒರೆಸುತ್ತಾನೆ, ಆ ಅಂಗಿಯ ಕಲೆ ತೆಗೆಯುವುದು ಯಾರು? ಹಲ್ಲುಜ್ಜುವಾಗ ಲೆಕ್ಚರು ಕೊಡುತ್ತೇನಂತೆ. ಕೊನೆಯ ತುಂಡು ಬ್ರೆಡ್ಡು ಯಾವಾಗಲೂ ಇವಳಿಗೇ ಬಿಡುತ್ತೇನಂತೆ. ಅದರಲ್ಲಿ ತಪ್ಪೇನು ಎಂದೆ. ಅತಿಥಿಗೆ ಬಿಡುವುದು ಹಾಗೆ ಎಂದಳು. ಇವಳಿಗೆ ಇಷ್ಟು ದೊಡ್ಡ ದನಿ ಇದೆ ಎಂದು ಯಾರಿಗೆ ಗೊತ್ತಿತ್ತು? ಎದುರುಮನೆಯ ಕಿಟಕಿ ತೆರೆದುಕೊಂಡಿತು. ತೆರೆದುಕೊಳ್ಳಲಿ. ನನಗೆ ಎದೆಯೊಳಗೆ ಎಂಥದೋ ಹಗುರ. ಕವರು ಹೋದ ದುಃಖ ಇದೆ, ಎಲ್ಲಿಗೂ ಹೋಗಿಲ್ಲ. ಆದರೆ ಈಗ ಅದು ಇಬ್ಬರದ್ದು.

ನಾನು ಬರೆಯುತ್ತಿದ್ದೇನೆ, ಇವಳು ಸ್ಟೂಲಿನ ಮೇಲೆ ನಿಂತು ಹಳದಿ ಪರದೆ ಮತ್ತೆ ಕಟ್ಟುತ್ತಿದ್ದಾಳೆ. ಪಟ್ಟಿ ಇನ್ನೂ ನಿಂತಿಲ್ಲ, ಹದಿಮೂರಕ್ಕೆ ಬಂದಿದೆ. ಹದಿನಾಲ್ಕನೆಯದು, ಮಾತಾಡುತ್ತಿರುವಾಗ ಏನದು ಗೀಚುವುದು ಎಂದಳು. ಏನಿಲ್ಲ ಎಂದೆ. ಸ್ಟೂಲಿನಿಂದ ಇಳಿದಳು. ಇದು ನನ್ನ ಡೈರಿ, ಯಾರೂ ಮುಟ್ಟುವ ಹಾಗಿಲ್ಲ ಎಂದೆ, ಗಟ್ಟಿಯಾಗಿಯೇ. ಕೇಳಿಸಿದ ಲಕ್ಷಣವಿಲ್ಲ. ಬಂದಳು. ಒಂದು ಮಾತೂ ಕೇಳದೆ ಕೈ ಚಾ